ಮೇಲಿನ ನಾಲ್ಕೇ ಪದರ

ಹದಿನಾಲ್ಕನೇ ತಾರೀಖು ಬೆಳಗ್ಗೆ 10.20ಕ್ಕೆ ಬಂದರಿನ ಪೊಲೀಸ್ ಠಾಣೆಗೆ ಬಂದ ದೂರು ಎರಡು ಹಾಳೆಗಳದ್ದು. ತಂದವರು ಅಂಕಿಅಂಶ ಕಚೇರಿಯ ಮೇಲ್ವಿಚಾರಕಿ. ಒಂದು ಹಾಳೆಯಲ್ಲಿ ನೆರೆದೇಶ ತರಿಸಿಕೊಂಡ ಕಾಗದದ ಮೌಲ್ಯ, ಇನ್ನೊಂದರಲ್ಲಿ ನಾವು ತರಿಸಿಕೊಂಡದ್ದರದು.

"ಒಂದೇ ಗಿರಣಿ, ಒಂದೇ ಹಡಗು ಸಾರ್. ಅಲ್ಲಿ ಟನ್ನಿಗೆ ಒಂಬೈನೂರು ಡಾಲರಿನ ದಪ್ಪ ಕಾಗದ ಇಳಿಯುತ್ತೆ. ಇಲ್ಲಿ ತೊಂಬತ್ತರ ರದ್ದಿ. ಆ ಗಿರಣಿ ರದ್ದಿ ಮಾರೋದೇ ಇಲ್ಲ."

"ಸೊನ್ನೆ ಬಿಟ್ಟುಹೋಗಿರಬೇಕಮ್ಮ," ಎಂದರು ಇನ್‌ಸ್ಪೆಕ್ಟರ್.

"ಎಂಟು ಸಲಾನೂ ಬಿಟ್ಟುಹೋಗುತ್ತಾ?"

11.05ಕ್ಕೆ ಎಫ್‌ಐಆರ್ ದಾಖಲಾಯಿತು.

ರದ್ದಿಯೆಂದು ಬಂದ ಉರುಳೆಗಳನ್ನು ಸುಂಕದ ಪರೀಕ್ಷಕ ಎದುರಿಗೆ ನಿಂತು, ನಡುವಿನ ಕೊಳವೆಯವರೆಗೂ ಸೀಳಿಸಿಯೇ ಹೊರಗೆ ಬಿಡಬೇಕು. ಮತ್ತೆ ಅಚ್ಚಿಗೆ ಬಳಕೆಯಾಗಬಾರದೆಂದು ಆ ನಿಯಮ. ಮಧ್ಯಾಹ್ನ ಎರಡಕ್ಕೆ ಗೋದಾಮಿನಲ್ಲಿ ಪಂಚರ ಎದುರು ಪಂಚನಾಮೆ ಶುರುವಾಯಿತು. ಎಂಟನೇ ಸಲದ ಆರು ಉರುಳೆಗಳು ಇನ್ನೂ ಅಲ್ಲೇ ಇದ್ದವು. ಹೆಡ್ ಕಾನ್‌ಸ್ಟೇಬಲ್ ಸೀಳಿನೊಳಗೆ ಬೆರಳಿಟ್ಟು ನೋಡಿದ.

"ಇದು ಗಡ್ಡ ಹೆರೆದ ಹಾಗಿದೆ ಸಾರ್, ಕುತ್ತಿಗೆ ಕುಯ್ದ ಹಾಗಿಲ್ಲ."

ಸೀಳಿದ್ದು ಮೇಲಿನ ನಾಲ್ಕೇ ಪದರ. ಅದರಡಿಯ ಕಾಗದಕ್ಕೆ ಒಂದು ಗೀರೂ ಇರಲಿಲ್ಲ. ಪೂರ್ತಿ ಸೀಳಿಸಿದೆ ಎಂಬ ಎಂಟೂ ಪ್ರಮಾಣಪತ್ರಗಳಲ್ಲಿ ಒಬ್ಬನೇ ಪರೀಕ್ಷಕನ ಸಹಿ. ಅದೊಂದರಿಂದ ಅಜಾಗರೂಕತೆಯಷ್ಟೇ ಸಾಬೀತಾಗುತ್ತಿತ್ತು. ಹಿಂದಿನ ಏಳು ಸಲದ ಮಾಲೂ ಹೋದದ್ದು ಮೂರು ಬೀದಿ ಆಚೆಯ ಬ್ರೈಲ್ ಅಚ್ಚುಕೂಟಕ್ಕೆ ಎಂದು ಗೇಟಿನ ಪುಸ್ತಕ ಹೇಳಿತು.

ಮರುದಿನ 9.40. ಅಚ್ಚುಕೂಟದ ಕಿಟಕಿಯ ಬಳಿ ಕೂತು ಬೆರಳಾಡಿಸಿ ಕರಡು ತಿದ್ದುತ್ತಿದ್ದ ಹೆಂಗಸಿಗೆ ಐವತ್ತೈದರ ಮೇಲೆ. ಹುಟ್ಟಿನಿಂದಲೇ ಕಣ್ಣಿಲ್ಲ.

"ಬೂಟು ನಮ್ಮೋರದ್ದಲ್ಲ. ಯಾರು?"

"ಪೊಲೀಸ್. ಈ ಕಾಗದ ತರಿಸಿಕೊಟ್ಟೋರು ಯಾರಮ್ಮ?"

"ನನ್ನ ತಮ್ಮ. ಸುಂಕದ ಕಟ್ಟೇಲಿ ಪರೀಕ್ಷಕ." ಆಕೆಯ ದನಿಯಲ್ಲಿ ಹೆಮ್ಮೆಯಿತ್ತು. "ಚುಕ್ಕಿ ಮೂಡೋಕೆ ದಪ್ಪ ಕಾಗದಾನೇ ಬೇಕು, ಅದರ ಬೆಲೆ ಏರಿ ಅಚ್ಚುಕೂಟ ಮುಚ್ಚೋದ್ರಲ್ಲಿತ್ತು. ಅಗ್ಗಕ್ಕೆ ಸಿಕ್ತು ಅಕ್ಕ ಅಂದ. ಇನ್ನು ಆರೇ ಉರುಳೆ ಬಂದ್ರೆ ಈ ಕಾವ್ಯದ ಅಚ್ಚು ಮುಗಿಯುತ್ತೆ."

"ಕಾವ್ಯಾನ ಯಾರಾದ್ರೂ ಓದಿ ಹೇಳಬಹುದಲ್ಲ?"

"ಓದೋರು ಅವರಿಗೆ ಬೇಕಾದ ಕಡೆ ನಿಲ್ಲಿಸ್ತಾರೆ ಸ್ವಾಮಿ. ನನ್ನ ಬೆರಳು ನನಗೆ ಬೇಕಾದ ಕಡೆ ನಿಲ್ಲುತ್ತೆ."

ಇನ್‌ಸ್ಪೆಕ್ಟರ್ ಹೇಳಿಕೆ ಬರೆಸಿಕೊಂಡರು. ಆಕೆ ಹೆಬ್ಬೆಟ್ಟು ಒತ್ತಿದಳು.

ಸಂಜೆ 4.15ಕ್ಕೆ ಪರೀಕ್ಷಕನನ್ನು ಅವನ ಮೇಜಿನ ಬಳಿಯೇ ಬಂಧಿಸಲಾಯಿತು. ಅವನು ಓಡಲಿಲ್ಲ, ಪೆನ್ನಿಗೆ ಮುಚ್ಚಳ ಹಾಕಿ ಎದ್ದ.

"ಎಷ್ಟು ತಗೊಂಡೆ?"

"ಏನೂ ಇಲ್ಲ ಸಾರ್."

"ಪೂರ್ತಿ ಯಾಕೆ ಸೀಳಿಸಲಿಲ್ಲ?"

"ಸೀಳಿದ್ರೆ ಅಕ್ಕ ಓದೋದು ಯಾವುದನ್ನ?"

ಮನೆಯಲ್ಲಿ ಬ್ರೈಲ್ ಪುಸ್ತಕಗಳಿದ್ದದ್ದು ಹನ್ನೊಂದು. ಮೂವತ್ತು ವರ್ಷ ಅವನ್ನೇ ಓದಿ ಓದಿ ಚುಕ್ಕಿಗಳು ಸವೆದು ಚಪ್ಪಟೆಯಾಗಿದ್ದವು. ಅಕ್ಕ ಬರೀ ಹಾಳೆ ಸವರುತ್ತ, ನೆನಪಿನಿಂದ ಸಾಲು ಹೇಳಿಕೊಳ್ಳುವುದನ್ನು ಅವನು ದಿನಾ ನೋಡುತ್ತಿದ್ದ. ತಪ್ಪೊಪ್ಪಿಗೆಯಲ್ಲಿ ಕಾರಣವೆಂದು ಬರೆಸಿದ್ದು ಇಷ್ಟೇ.

ನಿಯಮದಂತೆ ಆರೂ ಉರುಳೆಗಳನ್ನು ಕೊಳವೆಯವರೆಗೂ ಸೀಳಲಾಯಿತು. ಅಚ್ಚುಕೂಟಕ್ಕೆ ಬೀಗ ಬಿತ್ತು.

ಸಾಕ್ಷಿಪಟ್ಟಿಯಲ್ಲಿ ಅಕ್ಕನ ಹೆಸರೇ ಮೊದಲು. ಸಮನ್ಸ್ ಕೊಡಲು ಇನ್‌ಸ್ಪೆಕ್ಟರ್ ತಾವೇ ಹೋದರು. ಆಕೆ ಕಾಗದವನ್ನು ಒಮ್ಮೆ ಸವರಿ ನೋಡಿದಳು. ಅದರಲ್ಲಿ ಏನೂ ಸಿಗಲಿಲ್ಲ.

"ನಾನು ಹೇಳಿದ್ದರಿಂದಲೇ ತಮ್ಮ ಸಿಕ್ಕಿಬಿದ್ದನಾ ಸ್ವಾಮಿ?"

"ಹೌದಮ್ಮ," ಎಂದರು ಅವರು.