ಬಾವಿಯಿಂದ ಬಂದ ಬೀಗ

“ಅದನ್ನ ಮುಟ್ಬೇಡಿ ಸಾರ್. ಅದು ಮಾರೋ ಮಾಲಲ್ಲ, ಕುಲುಮೆಗೆ ಹೋಗೋದು” ಎಂದ ಗುಜರಿ ಅಂಗಡಿಯ ಖುದ್ದೂಸ್.

ಅವನು ಹೇಳಿ ಮುಗಿಸುವಷ್ಟರಲ್ಲಿ ಬಸವಕಿರಣ ಅದನ್ನು ಎತ್ತಿಕೊಂಡು ಆಗಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಿಂದ ಎರಡು ಗಲ್ಲಿ ಒಳಗಿದ್ದ ಆ ಅಂಗಡಿಗೆ ಅವನು ಹಳೇ ಗಿರಾಕಿ. ಊರು ಗದಗದ ಕಡೆ, ಕೆಲಸ ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದ ಹುಚ್ಚು ಒಂದೇ, ಹಳೆಯ ಬೀಗಗಳು. ಕೀಲಿ ಕಳೆದುಹೋದ ಬೀಗ ಕಂಡರಂತೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಂಗೈ ಅಗಲದ ಕಬ್ಬಿಣದ ಬೀಗ, ವೀಳ್ಯದೆಲೆಯ ಆಕಾರ. ಕೊಂಡಿಗೆ ಕಪ್ಪು ದಾರ ಹತ್ತಾರು ಸುತ್ತು ಬಿಗಿದಿತ್ತು. ದಾರದ ಜೊತೆ ಉದ್ದನೆಯ ನರೆಗೂದಲೂ ಹೊಸೆದುಕೊಂಡಿದ್ದವು. ಮೂಗಿನ ಹತ್ತಿರ ಹಿಡಿದರೆ ಪಾಚಿಯ ವಾಸನೆ, ಕೊಳೆತ ಕೆಸರಿನ ವಾಸನೆ.

“ಹೆಸರಘಟ್ಟ ರೋಡಲ್ಲಿ ಲೇಔಟ್ ಮಾಡೋಕೆ ಅಂತ ಹಳೇ ಬಾವಿ ಹೂಳು ತೆಗಿತಿದ್ರು, ಅಲ್ಲಿ ಸಿಕ್ಕಿದ್ದು” ಎಂದು ಖುದ್ದೂಸ್ ದನಿ ತಗ್ಗಿಸಿದ. “ಬಾಯಿಕಟ್ಟು ಮಾಡಿರೋ ಬೀಗ ಸಾರ್. ಜಮೀನಿನ ಕೇಸಲ್ಲಿ ಸಾಕ್ಷಿ ಹೇಳೋನ ಹೆಸರು ಕೂಗಿ, ಬೀಗ ಹಾಕಿ, ಬಾವಿಗೆ ಎಸೆದವ್ರೆ. ಅವನ ದವಡೆ ಕಚ್ಕೊಂಡ್ಬಿಡ್ತಂತೆ. ಮಾತಿಲ್ಲ, ಅನ್ನ ಇಲ್ಲ, ನೀರಿಲ್ಲ. ಎಂಟನೇ ದಿನ ಹೋದ.”

ಬಸವಕಿರಣ ನಕ್ಕ. “ಧನುರ್ವಾಯು ಆಗಿರುತ್ತೆ ಭಾಯ್. ಇಂಜೆಕ್ಷನ್ ಇಲ್ಲದ ಕಾಲ.”

“ಇರ್ಬೋದು. ತಗೊಂಡೋಗ್ತೀರಾ, ಹೋಗಿ. ಅದರ ಬಾಯಿ ಮಾತ್ರ ತೆಗೀಬೇಡಿ. ತೆಗೆದ್ರೆ ಅದು ಖಾಲಿ ಇರಲ್ಲ.”

ಬಸವಕಿರಣ ಕೊಟ್ಟ ನೋಟನ್ನು ಖುದ್ದೂಸ್ ಮುಟ್ಟಲೂ ಇಲ್ಲ, ಕೈಯನ್ನು ಲುಂಗಿಗೆ ಒರೆಸಿಕೊಂಡು ಒಳಗೆ ಹೋದ. ಇವನೋ, ಬೀದಿಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗೆ ಬೀಗವನ್ನು ಬೈಕಿನ ಡಬ್ಬಿಯೊಳಗಿಟ್ಟುಕೊಂಡು ಸಿಳ್ಳೆ ಹಾಕುತ್ತಾ ಹೊರಟ.

ಸೋಲದೇವನಹಳ್ಳಿಗೆ ಬಂದು ಮೂರು ತಿಂಗಳಾಗಿತ್ತು. ಯಶವಂತಪುರದ ಬಾಡಿಗೆ ಮನೆಯಲ್ಲಿ ಮಂಚದಡಿಯ ಟ್ರಂಕಿನಲ್ಲಿ ತುಕ್ಕು ತಿನ್ನುತ್ತಿದ್ದ ಬೀಗಗಳಿಗೆ ಸ್ವಂತ ಮನೆ ಆದಮೇಲೆ ಒಂದು ಗೋಡೆಯೇ ಸಿಕ್ಕಿತ್ತು. ನಡುಮನೆಯ ಉದ್ದಕ್ಕೂ ಕಪ್ಪು ಮಖಮಲ್ಲಿನ ಹಲಗೆ, ಅದರ ಮೇಲೆ ಸಾಲು ಸಾಲು ಬೀಗ. ಚಂದ್ರನಾಕಾರದ ಬೀಗ, ಮೀನಿನಾಕಾರದ ಬೀಗ, ಕಣಜದ ಬೀಗ, ಜೈಲಿನ ಬೀಗ. ಆ ಗೋಡೆಗೊಂದು ಕಟ್ಟುನಿಟ್ಟಿತ್ತು. ಅಲ್ಲಿ ಯಾವ ಬೀಗವೂ ಮುಚ್ಚಿರಕೂಡದು. ಪ್ರತಿಯೊಂದಕ್ಕೂ ಕೀಲಿ ಇರಬೇಕು, ಪ್ರತಿಯೊಂದರ ಕೊಂಡಿಯೂ ತೆರೆದಿರಬೇಕು. ಮುಚ್ಚಿದ ಬೀಗವನ್ನು ಗೋಡೆಗೆ ಹಾಕುವುದೆಂದರೆ ಸೋತೆನೆಂದು ಬೋರ್ಡು ಹಾಕಿಕೊಂಡ ಹಾಗೆ ಎನ್ನುತ್ತಿದ್ದ.

ಭಾನುವಾರ ಆ ಮನೆ ನೋಡಬೇಕು. ಅಡುಗೆಮನೆಯಲ್ಲಿ ಹೆಂಡತಿ ಐಶ್ವರ್ಯ ಒಗ್ಗರಣೆ ಸಿಡಿಸುತ್ತಾ ಹಾಡು ಗುನುಗುವಳು. ಬಾಗಿಲ ಬಳಿ ತಾಯಿ ಚಂದ್ರವ್ವ ಅವರೆಕಾಯಿ ಸುಲಿಯುವಳು. ಐದು ವರ್ಷದ ಮಗಳು ಸ್ನೇಹಾ ಪಟಪಟ ಮಾತಾಡುತ್ತಾ ಮೂವರ ಕಾಲಿಗೂ ತೊಡರುವಳು. ಹುಣಿಸೆಹಣ್ಣು ತಿಕ್ಕಿ ಹಿತ್ತಾಳೆ ಬೀಗ ತೊಳೆಯುವುದು ಅಪ್ಪ ಮಗಳ ಕೆಲಸ. ಸುಖ ಅಂದರೆ ಅದೇ, ಆದರೆ ಮನುಷ್ಯನಿಗೆ ಇದ್ದದ್ದು ಸಾಲದಲ್ಲ.

ಆವತ್ತು ಊಟವಾದ ಮೇಲೆ ಅವನು ಬಾವಿಯ ಬೀಗ ತಂದು ಪೇಪರಿನ ಮೇಲಿಟ್ಟ. ಬ್ಲೇಡಿನಿಂದ ದಾರ ಕೊಯ್ಯುತ್ತಿದ್ದಂತೆ ಅವರೆಕಾಯಿ ಸುಲಿಯುತ್ತಿದ್ದ ಚಂದ್ರವ್ವನ ಕೈ ನಿಂತಿತು.

“ತಮ್ಮಾ, ಯಾರೋ ಕಟ್ಟಿದ್ದನ್ನ ನೀ ಯಾಕ ಬಿಚ್ಚಾಕತ್ತಿ? ಕಟ್ಟಿದವರಿಗಷ್ಟ ಅದನ್ನ ಬಿಚ್ಚಾಕ ಗೊತ್ತಿರತೈತಿ.”

“ಯವ್ವಾ, ಕಬ್ಬಿಣದಾಗ ದೆವ್ವ ಕುಂದರತಾವೇನು?”

“ಕಬ್ಬಿಣಕ್ಕ ಏನೂ ಗೊತ್ತಿಲ್ಲ. ಮಾಡಿದವರ ಹೊಟ್ಟಿಕಿಚ್ಚು ಕುಂತಿರತೈತಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಸೀಮೆಎಣ್ಣೆ ಬಿಟ್ಟ, ತುಕ್ಕು ಕೆರೆದ, ತೂತಿಗೆ ಮೇಣ ಒತ್ತಿ ಅಚ್ಚು ತೆಗೆದ. ತೆಳ್ಳನೆಯ ತಗಡೊಂದನ್ನು ಅರ ಹಾಕಿ ಕೀಲಿ ಮಾಡಿದ. ನಾಲ್ಕು ಸಲ ತಿರುಗಿಸಿದರೂ ಬೀಗ ಬಗ್ಗಲಿಲ್ಲ. ಐದನೆಯ ಸಲ ಒಳಗೆ ಏನೋ ಸರಿಯಿತು.

ಕೊಂಡಿ ಮೇಲೆದ್ದಿತು.

ಅದರ ಹಿಂದೆಯೇ ಒಂದು ಉಸಿರು ಬಂತು. ತಣ್ಣನೆಯ, ಒದ್ದೆ ಉಸಿರು. ಪಾಚಿಯ ವಾಸನೆಯಲ್ಲ ಅದು. ಬಹಳ ದಿನ ಮುಚ್ಚಿಕೊಂಡಿದ್ದ ಬಾಯಿಯ ವಾಸನೆ. ಅವನು ಮುಖ ಹಿಂದಕ್ಕೆಳೆದುಕೊಂಡ. ಆದರೆ ಗೆದ್ದ ಖುಷಿ ಆ ವಾಸನೆಗಿಂತ ದೊಡ್ಡದು.

“ಸ್ನೇಹಾ, ಬಾ ಇಲ್ಲಿ, ನೋಡು!” ಎಂದು ಕೂಗಿದ.

ಟಕ್.

ಪೇಪರಿನ ಮೇಲೆ, ಯಾರ ಕೈಯೂ ಸೋಕದೆ, ಕೊಂಡಿ ಇಳಿದು ಬೀಗ ಮುಚ್ಚಿಕೊಂಡಿತು.

ಕೋಣೆಯಿಂದ ಓಡಿಬರುತ್ತಿದ್ದ ಮಗುವಿನ ಮಾತು ನಡುವೆಯೇ ಕತ್ತರಿಸಿತು. ಹೊಸ್ತಿಲ ಮೇಲೆ ನಿಂತಳು. ಕೈಯಲ್ಲಿ ಅರ್ಧ ತಿಂದ ಚಕ್ಕುಲಿ. ತುಟಿ ಬಿಗಿದಿತ್ತು, ಕೆನ್ನೆ ನಡುಗುತ್ತಿತ್ತು, ಕಣ್ಣು ಅಪ್ಪನನ್ನೇ ನೋಡುತ್ತಿತ್ತು.

ಏನಾದರೂ ನುಂಗಿದಳೇ ಎಂದು ಐಶ್ವರ್ಯ ಬೆರಳು ಹಾಕಿ ಬಾಯಿ ಬಿಡಿಸಲು ನೋಡಿದಳು. ಹಲ್ಲು ಹಲ್ಲಿಗೆ ಬೆಸುಗೆ ಹಾಕಿದಂತಿತ್ತು. ನರ್ಸಿಂಗ್ ಹೋಮಿನಲ್ಲಿ ಧನುರ್ವಾಯು ಅಲ್ಲ ಎಂದರು, ಫಿಟ್ಸ್ ಅಲ್ಲ ಎಂದರು. ಡ್ರಿಪ್ ಹಾಕಿದರು. ಮೂಗಿನಿಂದ ಇಳಿಸಿದ ನಳಿಕೆ ಮೂರು ಸಲವೂ ತಾನಾಗಿ ಹೊರಗೆ ಬಂತು. ಎರಡನೆಯ ದಿನ, ನಾಳೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು, ಅವರ ಮುಖದಲ್ಲೂ ಹೆದರಿಕೆ ಇತ್ತು. ಆ ಎರಡು ದಿನ ಮಗು ಬಾಯಿ ಬಿಡಲಿಲ್ಲ. ಮಗುವಿನ ಮೂಗಿನಿಂದ ಆಗಾಗ ಒಂದು ಸಣ್ಣ ಮುಲುಕು, ಅಷ್ಟೇ. ಅಷ್ಟು ಮಾತಾಡುವ ಹುಡುಗಿ ಹಾಗೆ ಮಲಗಿದ್ದಳು. ಬಸವಕಿರಣನಿಗೆ ವಿಜ್ಞಾನ, ಇಂಜೆಕ್ಷನ್ನು ಎಲ್ಲ ಮರೆತುಹೋಯಿತು. ಕಾರಿಡಾರಿಗೆ ಹೋಗಿ ಖುದ್ದೂಸನಿಗೆ ಫೋನು ಮಾಡಿದ.

ಮಗುವಿನ ಬಾಯಿ ಕಚ್ಚಿಕೊಂಡಿದ್ದನ್ನು ಹೇಳಿದ.

“ತೆಗೆದ್ರಾ?” ಎಂದ ಖುದ್ದೂಸ್. “ತೆಗೆದು ಯಾರನ್ನ ಕರೆದ್ರಿ?”

“ಮಗಳನ್ನ.”

“ಯಾ ಅಲ್ಲಾ. ಆ ಬಾವಿ ಇದ್ದ ಹೊಲದ ಮುದುಕ ನಂಗೆ ಹೇಳಿದ್ದು ಹೇಳ್ತೀನಿ, ಕೇಳಿ. ಅದೇ ಕೀಲಿಯಿಂದ ತೆಗೀಬೇಕು, ಮಗು ಎದುರಿಗೇ ತೆಗೀಬೇಕು. ಒಡೀಬೇಡಿ. ಒಡೆದ್ರೆ ಆ ಬಾಯಿ ಯಾವತ್ತೂ ತೆರ್ಕೊಳಲ್ಲ. ತೆಗೆದ ಮೇಲೆ ಮೂರು ಉಸಿರು ಟೈಮು. ಅಷ್ಟರೊಳಗೆ ಯಾರನ್ನಾದ್ರೂ ಕರೀಬೇಕು. ಯಾರೇ ಕರೀಲಿ, ಮೊದಲು ಯಾರನ್ನ ಕರೆದದ್ದು ಅದರ ಕಿವಿಗೆ ಬೀಳುತ್ತೋ ಅವರ ಬಾಯಿ ಕಟ್ಕೊಳುತ್ತೆ. ಯಾರನ್ನೂ ಕರೀದಿದ್ರೆ ತಿರುಗಿ ಮಗೂನೇ.”

“ಯಾರನ್ನ ಕರೀಲಿ?”

“ಅದು ನನ್ನ ಕೇಳ್ಬೇಡಿ ಸಾರ್” ಎಂದು ಖುದ್ದೂಸ್ ಫೋನಿಟ್ಟ.

ಖುದ್ದೂಸ್ ಹೇಳಿದ್ದನ್ನು ಬಸವಕಿರಣ ಹೆಂಡತಿಗೂ ತಾಯಿಗೂ ಹೇಳಿದ. ಸಂಜೆ ಮಗುವನ್ನು ಮನೆಗೆ ಕರೆತಂದರು. ಕರೆಂಟು ಹೋಗಿತ್ತು. ಕಿಟಕಿಯಿಂದ ಬೀಳುತ್ತಿದ್ದ ಕೊನೆಯ ಬೆಳಕಿನಲ್ಲಿ ಗೋಡೆಯ ಬೀಗಗಳೆಲ್ಲ ಬಾಯಿ ಬಿಟ್ಟು ನಿಂತಿದ್ದವು. ಅವುಗಳ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಚಾಪೆಯ ಮೇಲೆ ಸ್ನೇಹಾಳನ್ನು ಒರಗಿಸಿ ಕೂರಿಸಿದರು. ಒಣಗಿ ಬಿರಿದ ತುಟಿ, ಗುಳಿ ಬಿದ್ದ ಕಣ್ಣು.

“ನನ್ನ ಕರಿ ತಮ್ಮಾ” ಎಂದಳು ಚಂದ್ರವ್ವ. “ನಾ ಉಂಡು ತಿಂದು ಮುಗಿಸೀನಿ.”

“ಬ್ಯಾಡವ್ವಾ. ನಾ ತಗದದ್ದು, ನಾನ ಕಟ್ಟಿಸ್ಕೋತೀನಿ.”

ಐಶ್ವರ್ಯ ಮಗುವಿಗೆಂದು ಒಂದು ಲೋಟ ನೀರು ಹಿಡಿದು ನಿಂತಿದ್ದಳು. ಎರಡು ದಿನದಿಂದ ಅವಳೂ ಒಂದು ಗುಟುಕು ಕುಡಿದಿರಲಿಲ್ಲ.

“ನಿಮ್ಮ ಹೆಸರೇ ಹೇಳ್ತೀರ ತಾನೆ?” ಎಂದಳು.

“ಹೇಳ್ತೀನಿ.”

“ತಡ ಮಾಡ್ಬೇಡಿ ರೀ.”

“ಇಲ್ಲ ಅಂದ್ನಲ್ಲ. ನೀವಿಬ್ರೂ ಒಂದು ಮಾತೂ ಆಡ್ಬೇಡಿ.” ಮಗಳ ಕಡೆ ಬಾಗಿದ. “ಪುಟ್ಟಾ, ಬಾಯಿ ಬಿಟ್ಕೊಂಡ ತಕ್ಷಣ ಮಾತಾಡ್ಬಾರ್ದು. ಸುಮ್ನಿರ್ಬೇಕು, ಆಯ್ತಾ?”

ಮಗು ತಲೆಯಾಡಿಸಿತು.

ಬೀಗ ಬೆಚ್ಚಗಿತ್ತು. ಬಿಸಿಲು ಕಾಣದ ಮೂಲೆಯಲ್ಲಿಟ್ಟಿದ್ದ ಬೀಗ, ಮೈ ಬೆಚ್ಚಗಿತ್ತು. ಕೀಲಿ ತೂರಿಸಿದ. ಬೆವರಿನಲ್ಲಿ ಬೆರಳು ಜಾರಿತು. ಒರೆಸಿಕೊಂಡು ಮತ್ತೆ ಹಿಡಿದ. ಎಲ್ಲೋ ದೂರದಲ್ಲಿ ಸೋಲದೇವನಹಳ್ಳಿ ಸ್ಟೇಷನ್ನು ದಾಟುವ ರೈಲು ಕೂಗಿತು. ತಿರುಗಿಸಿದ. ಒಳಗೆ ಏನೋ ಸರಿಯಿತು.

ಕೊಂಡಿ ಎದ್ದಿತು.

ಅದೇ ವಾಸನೆ. ಈ ಸಲ ಹೊರಗೆ ಬರಲಿಲ್ಲ, ಒಳಗೆ ಎಳೆದುಕೊಂಡಿತು. ಬೀಗ ಉಸಿರು ತೆಗೆದುಕೊಳ್ಳುತ್ತಿತ್ತು.

ಒಂದು.

ಹೆಸರು ನಾಲಿಗೆಯ ತುದಿಯಲ್ಲಿತ್ತು. ಅವನದೇ ಹೆಸರು, ಮೂವತ್ತೆಂಟು ವರ್ಷ ಕೇಳಿದ ಹೆಸರು. ಬಾಯಿ ತೆರೆದ. ಗಂಟಲಿನಲ್ಲಿ ಆ ಸಾಕ್ಷಿಯವನು ಬಂದು ನಿಂತ. ಅನ್ನವಿಲ್ಲ. ನೀರಿಲ್ಲ. ಎಂಟನೇ ದಿನ. ನಾನು ಸತ್ತರೆ? ಈ ಮನೆ? ಇವರು? ಬೇರೆ ಯಾರದ್ದಾದರೂ ಹೆಸರು ಹೇಳಿದರೆ? ಕಾರ್ಖಾನೆಯ ಯಾರೋ ಒಬ್ಬನ ಹೆಸರು? ಯಾರಿಗೆ ಗೊತ್ತಾಗುತ್ತೆ?

ಎರಡು.

ಚಂದ್ರವ್ವನ ತುಟಿ ಅಲುಗಿತು. ತನ್ನ ಹೆಸರನ್ನು ತಾನೇ ಕೂಗಲು ಮುದುಕಿ ಉಸಿರೆಳೆದಳು.

ಮಗುವಿನ ಬಿಗಿದ ದವಡೆ ಸಡಿಲಿತು. ಎರಡು ದಿನದ ನೋವು, ಎರಡು ದಿನದ ಬಾಯಾರಿಕೆ, ಎರಡು ದಿನದ ಭಯ. ಐದು ವರ್ಷದ ಕೂಸು. ಅದರ ಬಾಯಿಂದ ಮೊದಲು ಏನು ಬರುತ್ತದೆ? ಅಪ್ಪ ಹೇಳಿಕೊಟ್ಟದ್ದು ಬರುತ್ತದೆಯೇ?

“ಅಮ್ಮಾ!”

ಟಕ್.

ಕೊಂಡಿ ಇಳಿದ ರಭಸಕ್ಕೆ ಕೀಲಿ ಅವನ ಬೆರಳಲ್ಲೇ ತಿರುಚಿ ಮುರಿಯಿತು. ಅರ್ಧ ಕೈಯಲ್ಲಿ ಉಳಿಯಿತು. ಇನ್ನರ್ಧ ಬೀಗದೊಳಗೆ ಸಿಕ್ಕಿಕೊಂಡಿತು.

ಅವನು ತಿರುಗಿ ನೋಡಿದ.

ಐಶ್ವರ್ಯ ಮಂಡಿಯೂರಿ ಕೂತು ಮಗಳ ಬಾಯಿಗೆ ನೀರು ಹಿಡಿದಿದ್ದಳು. ಸ್ನೇಹಾ ಗಟಗಟ ಕುಡಿಯುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಕುಡಿಯುತ್ತಿದ್ದಳು. “ಅಮ್ಮಾ, ಇನ್ನೂ ಬೇಕು. ಅಮ್ಮಾ, ನಂಗೆ ತುಂಬಾ ನೋಯ್ತು. ಅಮ್ಮಾ, ಮಾತಾಡಮ್ಮಾ.” ಐಶ್ವರ್ಯ ತಲೆ ನೇವರಿಸಿದಳು. ಅವಳ ಕೆನ್ನೆ ನಡುಗುತ್ತಿತ್ತು. ತುಟಿ ಬಿಗಿದಿತ್ತು.

ಚಂದ್ರವ್ವ ಎದೆ ಎದೆ ಬಡಿದುಕೊಂಡು ಗೋಡೆಗೆ ಒರಗಿ ಕುಸಿದಳು.

ಬಸವಕಿರಣ ಚಿಮಟ ತಂದ, ಸೂಜಿ ತಂದ, ಟಾರ್ಚು ತಂದ. ತಗಡಿನ ಚೂರು ತೂತಿನ ಆಳದಲ್ಲಿ ಹೊಳೆಯುತ್ತಿತ್ತು. ಚಿಮಟದ ಮೂತಿ ತಾಗಿದಷ್ಟೂ ಒಳಕ್ಕೆ ಜಾರುತ್ತಿತ್ತು. ಒಡೆಯುವಂತಿಲ್ಲ. ಕೊರೆಯುವಂತಿಲ್ಲ. ಕತ್ತಲು ಇಳಿಯಿತು. ಕರೆಂಟು ಬಂತು. ಅವನು ಮತ್ತೆ ಮತ್ತೆ ಚಿಮಟ ತೂರಿಸುತ್ತಲೇ ಇದ್ದ.

ಮಗುವನ್ನು ಚಂದ್ರವ್ವನ ಮಡಿಲಿಗೆ ಕೊಟ್ಟು ಐಶ್ವರ್ಯ ಎದ್ದು ಬಂದು ಅವನ ಎದುರು ಕೂತಳು. ಅಳಲಿಲ್ಲ. ಅವನ ಕೈಯಿಂದ ಚಿಮಟವನ್ನು ತೆಗೆದು ಕೆಳಗಿಟ್ಟಳು. ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಒಂದು ಬೆರಳು ಎತ್ತಿ ತೋರಿಸಿದಳು, ಆಮೇಲೆ ಎರಡನೆಯದನ್ನು. ಎರಡು ಉಸಿರು. ಅವಳು ಎಣಿಸಿದ್ದಳು. ಅವನ ಬಾಯಿ ತೆರೆದದ್ದನ್ನೂ ಕಂಡಿದ್ದಳು, ಹೆಸರು ಬಾರದೇ ಹೋದದ್ದನ್ನೂ ಕಂಡಿದ್ದಳು. ಆ ಎರಡು ಉಸಿರಿನಲ್ಲಿ ಏನು ಯೋಚಿಸುತ್ತಿದ್ದಿರಿ ಎಂದು ಅವಳ ಕಣ್ಣುಗಳು ಕೇಳುತ್ತಿದ್ದವು.

ಅವನ ಬಾಯಿಗೆ ಯಾರೂ ಏನೂ ಮಾಡಿರಲಿಲ್ಲ. ಆದರೂ ಅವನು ಹೆಂಡತಿಗೆ ಉತ್ತರ ಹೇಳಲಿಲ್ಲ.