ಗುಬ್ಬಿಯ ಉಸಿರಿಗೊಂದು ಅಂಗಿ

"ಸಹಕರಿಸಲಿಲ್ಲ ಅಂತ ಬರೆದ ಮಹಾನುಭಾವರು ಯಾರು?"

ಬಾಗಿಲಲ್ಲಿ ನಿಂತವನ ಒಂದು ಕೈಯಲ್ಲಿ ಹಳೆಯ ರಿಪೋರ್ಟು, ಇನ್ನೊಂದು ಕೈ ವೀಲ್‌ಚೇರಿನ ಹಿಡಿಕೆಯ ಮೇಲೆ. ಕೂಗಾಡುವಷ್ಟು ತ್ರಾಣ ಅವನಿಗೂ ಉಳಿದಿರಲಿಲ್ಲ. ಉಸಿರಿನ ಪರೀಕ್ಷೆಯ ಆ ಕೋಣೆಯಲ್ಲಿದ್ದವಳು ಟೆಕ್ನಿಷಿಯನ್ ಒಬ್ಬಳೇ. ಬೆಳಗಿನಿಂದ ಹನ್ನೊಂದು ಮಕ್ಕಳಿಗೆ 'ಊದು ಪುಟ್ಟಾ, ಜೋರಾಗಿ ಊದು' ಅಂತ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

"ನಾನೇ," ಅಂದಳು.

ಜಗಳಕ್ಕೆ ಟೊಂಕ ಕಟ್ಟಿ ಬಂದವನು ರಿಪೋರ್ಟು ಮಡಚಿದ.

"ಇವಳಿಗೆ ತುಟಿ ಬಿಗಿಯಾಗಿ ಮುಚ್ಚೋಕೇ ಬರಲ್ಲ ಮೇಡಂ," ಅಂದ, ಸ್ವರ ಇಳಿಸಿ. "ಕೊಳವೆ ಬಾಯಿಗಿಟ್ಟು ಊದು ಅಂದ್ರೆ ಎಲ್ಲಿಂದ ಊದ್ತಾಳೆ?"

ವೀಲ್‌ಚೇರಿನಲ್ಲಿದ್ದ ಏಳು ವರ್ಷದ ಹುಡುಗಿ ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದಳು. ಮನೆಯವರಿಗೆ ಅವಳು ಗುಬ್ಬಿ. ಹುಟ್ಟಿದಾಗಿನಿಂದ ಕೈಕಾಲು ಅವಳ ಮಾತು ಕೇಳಿದ್ದಿಲ್ಲ. ಬೆನ್ನು ಬಾಗಿ, ಬಲಗಡೆಯ ಪಕ್ಕೆಲುಬು ಉಬ್ಬಿಕೊಂಡಿತ್ತು. ಬೆನ್ನಿಗೆ ಆಪರೇಷನ್ ಆಗಬೇಕು. ಆದರೆ ಉಸಿರಿಗೆ ಎಷ್ಟು ಬಲವಿದೆ ಅಂತ ತಿಳಿಯದೆ ಅರಿವಳಿಕೆ ಕೊಡಲು ಯಾವ ಡಾಕ್ಟರೂ ಒಪ್ಪುತ್ತಿರಲಿಲ್ಲ.

"ತಪ್ಪು ನನ್ನದು. ಇವಳಿಗೆ ನನ್ನ ಯಂತ್ರ ಸಹಕರಿಸಲಿಲ್ಲ ಅಂತ ಬರೀಬೇಕಿತ್ತು," ಅಂದಳು ಟೆಕ್ನಿಷಿಯನ್. "ಈಗ ಬೇರೆ ದಾರಿ ಇದೆ. ಊದೋದು ಬೇಡ, ಸೂಜಿ ಬೇಡ. ಎದೆಗೊಂದು ಬೆಲ್ಟು, ಹೊಟ್ಟೆಗೊಂದು ಬೆಲ್ಟು. ಇವಳು ಸುಮ್ಮನೆ ಉಸಿರಾಡಿದ್ರೆ ಸಾಕು. ನೀವು ತಂದೆನಾ?"

"ಸೋದರಮಾವ. ಟೈಲರ್ ಕೆಲಸ. ಅಕ್ಕ ಬಸ್ ಓಡಿಸ್ತಾಳೆ, ರಜೆ ಸಿಗಲಿಲ್ಲ. ಇವಳಪ್ಪ ಇಲ್ಲ."

ಬೆಲ್ಟು ಕಟ್ಟಿದ್ದೇನೋ ಆಯಿತು. ಉಬ್ಬಿದ ಪಕ್ಕೆಯ ಮೇಲಿಂದ ಅದು ಜಾರಿ ಜಾರಿ ಹೊಟ್ಟೆಗೆ ಬಂತು. ನಾಲ್ಕು ಸಲ ಕಟ್ಟಿದಳು, ನಾಲ್ಕೂ ಸಲ ಜಾರಿತು. ಅವಳು ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದಳು.

"ನೆಟ್ಟಗಿರೋರಿಗೆ ಹೊಲಿದ ಬೆಲ್ಟು ಇದು," ಅಂದ ಟೈಲರ್. ಕತ್ತಿನಲ್ಲಿದ್ದ ಅಳತೆಪಟ್ಟಿ ತೆಗೆದ.

"ಅಯ್ಯೋ, ಅದನ್ನ ಕತ್ತರಿಸೋ ಹಾಗಿಲ್ಲ!"

"ಕತ್ತರಿ ತಂದಿಲ್ಲ, ಹೆದರಬೇಡಿ."

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ಅವನು ನೋಡಿಬಿಟ್ಟ. ನೋಡಿದ್ದನ್ನು ಅವಳೂ ನೋಡಿದಳು.

ಗುಬ್ಬಿಯ ಅಳತೆ ತೆಗೆದುಕೊಂಡು ಹೋದವನು ವಾರ ಕಳೆದು ತೋಳಿಲ್ಲದ ಅಂಗಿಯೊಂದನ್ನು ಹೊಲಿದು ತಂದ. ಹತ್ತಿಯ ಮೆತ್ತನೆ ಬಟ್ಟೆ, ಬಲಗಡೆ ಉಬ್ಬಿಗೆ ಸರಿಯಾಗಿ ನೆರಿಗೆ, ಬೆಲ್ಟು ತೂರಿಸಲು ಮೇಲೊಂದು ಕೆಳಗೊಂದು ಪಟ್ಟಿ. ಗುಬ್ಬಿಗೆ ಅದು ಚರ್ಮದ ಹಾಗೆ ಕೂತಿತು. ಬೆಲ್ಟು ಜಗ್ಗಲಿಲ್ಲ.

"ಇನ್ನು ಯಾರೂ ಮಾತಾಡಬಾರದು. ನಕ್ಕರೂ ಲೆಕ್ಕ ಕೆಡುತ್ತೆ," ಅಂದಳು ಅವಳು.

ಗುಬ್ಬಿ ಮಲಗಿದ್ದ ಮಂಚದ ಆಚೆ ಅವನು, ಈಚೆ ಅವಳು. ಮಾತಿಲ್ಲದ ಕೋಣೆಯಲ್ಲಿ ನೋಡುವುದಕ್ಕೆ ಇದ್ದದ್ದು ಉಸಿರಿನ ಅಲೆ ಮೂಡುವ ಯಂತ್ರದ ಪರದೆ ಒಂದೇ. ಆದರೂ ಅವನ ಕಣ್ಣು ಮತ್ತೆ ಮತ್ತೆ ದಾರಿ ತಪ್ಪಿ ಅವಳ ಕೆನ್ನೆಗೆ ಇಳಿದಿದ್ದ ಕೂದಲ ಹತ್ತಿರ ಹೋಗಿ ಬರುತ್ತಿತ್ತು. ಅವಳು ತಲೆ ಎತ್ತಿದರೆ ಅವನು ಛಾವಣಿ ನೋಡುವನು. ಛಾವಣಿಯಲ್ಲಿ ಫ್ಯಾನು ಬಿಟ್ಟರೆ ಏನಿತ್ತು? ಗುಬ್ಬಿಗೆ ಇದೆಲ್ಲ ಗೊತ್ತಾಗಿಹೋಯಿತು. ಅವಳು ನಕ್ಕ ನಗು ಪರದೆಯ ಮೇಲೆ ಬೆಟ್ಟಗುಡ್ಡವಾಯಿತು.

ಆಮೇಲೆ ಗುಬ್ಬಿ ನಿದ್ದೆಹೋದಳು. ಆಗ, ಅಲ್ಲಿಯವರೆಗೆ ಒಟ್ಟಿಗೇ ಏಳುತ್ತಿದ್ದ ಎದೆಯ ಅಲೆ, ಹೊಟ್ಟೆಯ ಅಲೆ ಬೇರೆಬೇರೆಯಾದವು. ಹೊಟ್ಟೆ ಏಳುವಾಗ ಎದೆ ಒಳಗೆ ಕುಗ್ಗುತ್ತಿತ್ತು. ಟೆಕ್ನಿಷಿಯನ್ ಮುಖದ ಮೇಲಿನ ನಗು ಮಾಯವಾದದ್ದನ್ನು ಅವನು ಕಂಡ.

ಡಾಕ್ಟರ್ ಹೇಳಿದ್ದು ಇಷ್ಟು: ನಿದ್ದೆಯಲ್ಲಿ ಉಸಿರಿನ ಸ್ನಾಯುಗಳು ಸೋಲುತ್ತಿವೆ. ಮೂರು ತಿಂಗಳು ಮಲಗುವಾಗ ಗಾಳಿ ಕೊಡುವ ಮಾಸ್ಕ್ ಹಾಕಬೇಕು. ಆಪರೇಷನ್ ಆಮೇಲೆ.

ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತ. "ಎರಡು ವರ್ಷ ಕಾದ್ವಿ. ಮತ್ತೆ ಮುಂದಕ್ಕೆ ಹೋಯ್ತು. ಸಾಕಾಗಿದೆ ರೀ."

ಅವಳು ಪಕ್ಕದಲ್ಲಿ ಕೂತಳು. "ಇದು ಗೊತ್ತಾಗದೆ ಆಪರೇಷನ್‌ಗೆ ಕರ್ಕೊಂಡು ಹೋಗಿದ್ರೆ?" ಅಂದಳು ಮೆಲ್ಲಗೆ.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುಂದಿನ ರೋಗಿಯ ಹೆಸರು ಕೂಗಿದರೂ ಅವಳು ಒಂದು ನಿಮಿಷ ಏಳಲಿಲ್ಲ.

ಮೂರು ತಿಂಗಳು ಅವನು ವಾರವಾರ ಬಂದ. ಮಾಸ್ಕಿನ ಪಟ್ಟಿ ಬಿಗಿ, ಮೂಗಿನ ಹತ್ತಿರ ಗಾಳಿ ಸೋರುತ್ತಿದೆ, ಹೀಗೆ ಏನಾದರೊಂದು ನೆಪ.

"ಎಲ್ಲೂ ಸೋರ್ತಿಲ್ವಲ್ಲ?" ಅನ್ನುವಳು ಅವಳು, ಪರೀಕ್ಷಿಸಿ.

"ಬೆಳಿಗ್ಗೆ ಸೋರ್ತಿತ್ತು. ನಿಮ್ಮನ್ನ ಕಂಡ್ರೆ ಅದಕ್ಕೂ ಭಯ ಇರಬೇಕು."

"ಯಾರಿಗೆ, ಮಾಸ್ಕಿಗಾ?"

ಕೊನೆಯ ಪರೀಕ್ಷೆಯಲ್ಲಿ, ನಿದ್ದೆಯಲ್ಲೂ, ಎರಡು ಅಲೆಗಳು ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು. ಆಪರೇಷನ್‌ಗೆ ದಿನ ಗೊತ್ತಾಯಿತು.

ಆ ದಿನ ಅವಳು ರಜೆ ಹಾಕಿ ಬಂದಳು. ಆರು ಗಂಟೆ ಕಾಯಬೇಕು. ಗುಬ್ಬಿಯ ಅಮ್ಮ ಕಿಟಕಿಯ ಹತ್ತಿರ ಬಸ್ಸಿನ ಸ್ಟಿಯರಿಂಗ್ ಹಿಡಿದಂತೆ ಕಂಬಿ ಹಿಡಿದು ನಿಂತಿದ್ದಳು. ಇವರಿಬ್ಬರೂ ಬೆಂಚಿನ ಮೇಲೆ.

"ಒಂದು ಮಾತು," ಅಂದ ಅವನು, ನೆಲ ನೋಡುತ್ತ. "ಹೇಳೋ ಹೊತ್ತಲ್ಲ ಇದು. ಆದ್ರೆ ಸುಮ್ಮನಿದ್ರೆ ಎದೆ ಒಡೆದುಹೋಗುತ್ತೆ. ನಾನು ದಿನಾ ಗುಬ್ಬಿನ ಎತ್ತಬೇಕು, ಸ್ನಾನ ಮಾಡಿಸಬೇಕು, ಮಲಗಿಸಬೇಕು. ನನ್ನ ಜೊತೆ ಬರೋರು ಅವಳ ಜೊತೆಗೂ ಇರಬೇಕು. ಸುಖ ಅಂತ ಏನೂ ಇಲ್ಲ, ಸುಸ್ತು ಬೇಕಾದಷ್ಟಿದೆ. ಇಷ್ಟು ಗೊತ್ತಿದ್ದೂ ನೀವು..."

"ನಾನು ಬೇರೆ ಥರ ಯೋಚಿಸ್ತಿದ್ದೆ," ಅಂದಳು ಅವಳು. "ಗುಬ್ಬಿನ ಕೇಳಿದ್ರೆ ಜೊತೆಗೆ ನಿಮ್ಮನ್ನೂ ಕೊಡ್ತಾರಾ ಅಂತ."

ಅವನು ತಿರುಗಿ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ತುಟಿಯ ತುದಿಯಲ್ಲಿ ತುಂಟತನ. ಸೂಜಿ ಚುಚ್ಚಿ ಒರಟಾದ ಅವನ ಬೆರಳುಗಳನ್ನು ಅವಳೇ ಹಿಡಿದುಕೊಂಡಳು.

"ಹೂಂ," ಅಂದಳು. "ಬರ್ತೀನಿ."

ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಡಾಕ್ಟರ್ ಹೊರಬಂದರು. ಉಸಿರಿನ ಕೊಳವೆ ತೆಗೆದಾಯಿತು, ಗುಬ್ಬಿ ತಾನೇ ಉಸಿರಾಡುತ್ತಿದ್ದಾಳೆ. ತಾಯಿ ಓಡಿಹೋಗಿ ಮಗಳನ್ನು ಕಣ್ತುಂಬ ನೋಡಿ ಬಂದು ಬೆಂಚಿನ ಮುಂದೆ ನಿಂತಳು. ಅಷ್ಟರಲ್ಲಿ ಟೆಕ್ನಿಷಿಯನ್ ಟೈಲರನ ಭುಜಕ್ಕೆ ಒರಗಿ ಗಾಢ ನಿದ್ದೆಯಲ್ಲಿದ್ದಳು.

"ಏನೋ ಇದು?" ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಒಪ್ಪಿದ್ದಾಳಕ್ಕಾ," ಅಂದ ತಮ್ಮ, ಭುಜ ಅಲುಗಿಸದೆ. "ಮೆಲ್ಲಗೆ ಮಾತಾಡು."