ಅಳಿಸಿಹೋದ ಇನ್ನೂರು ಉತ್ತರಗಳು

ಬುಧವಾರ ಬೆಳಿಗ್ಗೆ ತೂವಾ ನಮ್ಮ ದೋಣಿ ಸಂಘದ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವಳ ಕೈಗಳೆರಡೂ ಮೊಣಕೈವರೆಗೆ ಗ್ರೀಸ್‌ನಿಂದ ಕಪ್ಪಾಗಿದ್ದವು. ಇಂಗೆಗೆರ್ಡ್ ಕಾಫಿ ಬಗ್ಗಿಸುತ್ತಿದ್ದಳು. ನಾನು ದಾಲ್ಚಿನ್ನಿ ಬನ್ನುಗಳನ್ನು ತಟ್ಟೆಗೆ ಜೋಡಿಸುವ ನೆಪದಲ್ಲಿ ಆಗಲೇ ಒಂದನ್ನು ಮುಗಿಸಿದ್ದೆ.

"ಯಾರೋ ಅಳಿಸಿಬಿಟ್ಟಿದ್ದಾರೆ," ಎಂದಳು ತೂವಾ. "ಇಡೀ ಚರ್ಚೆನೇ ಇಲ್ಲ."

"ಮೊದ್ಲು ಕೂತ್ಕೊ. ಯಾವ ಚರ್ಚೆ?"

"ಹಳೇ ಬೋಟ್ ಎಂಜಿನ್ ಬಿಚ್ಚಿ ಜೋಡಿಸೋದು. ಸಂಘದ ಆನ್‌ಲೈನ್ ಫೋರಂನಲ್ಲಿ ಹನ್ನೆರಡು ವರ್ಷದಿಂದ ಇತ್ತಲ್ಲ, ಇನ್ನೂರು ಉತ್ತರ. ಅದನ್ನ ನೋಡ್ಕೊಂಡೇ ಬಿಚ್ಚಿದೆ. ಈಗ ಎಂಜಿನ್ ನಲವತ್ತೊಂದು ಜಾಮ್ ಬಾಟಲಿಲಿ ನನ್ನ ಅಡುಗೆಮನೆ ಮೇಜಿನ ಮೇಲಿದೆ. ಶನಿವಾರ ತಂಗಿ ಮದುವೆ. ಅವಳನ್ನ ಅಜ್ಜಿಯ ಬೋಟಲ್ಲೇ ದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಬೇರೆ ಬೋಟ್ ಸಿಗಲ್ವಾ?" ಎಂದೆ.

"ಸಿಕ್ಸ್‌ಟೆನ್, ನಮ್ಮ ಮನೆ ಮದುಮಗಳು ಬೇರೆಯವರ ಬೋಟಲ್ಲಿ ಹೋಗಿದ್ದಿಲ್ಲ. ನಾನು ಸ್ಪ್ಯಾನರ್ ಹಿಡಿದ ವರ್ಷವೇ ಹೋಗ್ಬೇಕಾ?"

ಇಂಗೆಗೆರ್ಡ್ ಮೂವತ್ತೆಂಟು ವರ್ಷ ಈ ತೀರದಲ್ಲಿ ಟಪಾಲು ಹಂಚಿದವಳು. ನಿವೃತ್ತಿಯಾದ ಮೇಲೆ ಸಂಘದ ಫೋರಂ ನೋಡಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂತು. ಕಳೆದ ಬೆಕ್ಕು, ಬದಲಾದ ಛತ್ರಿ, ಹೆಸರಿಲ್ಲದೆ ಬಂದ ಹೂಗುಚ್ಛ, ಏನಿದ್ದರೂ ಊರು ಅವಳ ಹತ್ತಿರವೇ ಬರುತ್ತಿತ್ತು. ಅವಳು ಕಂಪ್ಯೂಟರ್ ತೆರೆದಳು. ಅಳಿಸಿದ್ದು ಮರಳಿ ಬರುವಂತಿರಲಿಲ್ಲ. ತಲೆಬರಹಗಳು ಮಾತ್ರ ದಾಖಲೆಯಲ್ಲಿ ಉಳಿದಿದ್ದವು.

"ಒಂದಲ್ಲ, ನಾಲ್ಕು ಹೋಗಿವೆ," ಎಂದು ಓದಿದಳು. "ಎಂಜಿನ್. ಹದಿಮೂರು ಸಲ ಹೊಡೆಯೋ ಗೋಡೆ ಗಡಿಯಾರ. ಮೂತಿ ಸೋರೋ ತಾಮ್ರದ ಕಾಫಿ ಕೆಟಲ್. ಐಸ್ ಸ್ಕೇಟಿನ ತುಕ್ಕು. ನಾಲ್ಕನ್ನೂ ಶುರು ಮಾಡಿದ್ದು 'ಹಾವುಮೀನು' ಅನ್ನೋ ಹೆಸರಿನವನು, ಅಳಿಸಿದ್ದೂ ಅವನೇ."

ಹಾವುಮೀನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಆ ಹೆಸರಿಗೆ ಕೊಟ್ಟಿದ್ದ ಇಮೇಲ್ ವಿಳಾಸವೂ ಯಾವಾಗಲೋ ಸತ್ತಿತ್ತು. ಚರ್ಚೆ ಶುರು ಮಾಡಿದವನು ಅದನ್ನು ಅಳಿಸಬಹುದು, ಅಳಿಸಿದರೆ ಎಲ್ಲರ ಉತ್ತರಗಳೂ ಹೋಗುತ್ತವೆ ಎನ್ನುವುದು ನಮ್ಮ ನಿಯಮವೇ ಆಗಿತ್ತು. ಆ ನಿಯಮಕ್ಕಾಗಿ ಸಭೆಯಲ್ಲಿ ಮೇಜು ಗುದ್ದಿದವನು ಟೋರ್ಕೆಲ್.

"ಹಾಗಾದ್ರೆ ಅವನೇ," ಎಂದೆ ನಾನು.

ಇಂಗೆಗೆರ್ಡ್ ಮತ್ತು ನಾನು ಕೇಳಲು ಹೋದಾಗ ಟೋರ್ಕೆಲ್ ಕಟ್ಟೆಯ ಮೇಲೆ ದೋಣಿಗೆ ಬಣ್ಣ ಬಳಿಯುತ್ತಿದ್ದ. "ನಾನು ಕೇಳಿದ ಪ್ರಶ್ನೆ, ನಾನು ಅಳಿಸ್ತೀನಿ. ಈಗ್ಲೂ ಅದೇ ಹೇಳ್ತೀನಿ," ಎಂದ. "ಆದ್ರೆ ಎಂಜಿನ್ ಚರ್ಚೆಲಿ ನಂದೇ ಮೂವತ್ತು ಉತ್ತರ ಇತ್ತು ಕಣೆ. ನನ್ನ ಬರಹ ನಾನೇ ನೀರಿಗೆ ಹಾಕ್ತೀನಾ?"

"ಇವನಲ್ಲ," ಎಂದಳು ಇಂಗೆಗೆರ್ಡ್, ಹಿಂದಿರುಗುವಾಗ. "ನೀರೆತ್ತೋ ಬಕೆಟ್ಟಲ್ಲಿ ಕಾಲು ಸಿಕ್ಕಿಕೊಂಡಿದೆ, ಬಿಡಿಸೋದು ಹೇಗೆ ಅಂತ ಇವನು ಒಂದ್ಸಲ ಕೇಳಿದ್ದ. ಅದು ಇನ್ನೂ ಅಲ್ಲೇ ಇದೆ. ಅಳಿಸೋಕೆ ಕೂತಿದ್ರೆ ಮೊದ್ಲು ಅದೇ ಹೋಗ್ತಿತ್ತು."

ಸಂಘದ ಹೊರಗೋಡೆಗೆ ಒರಗಿಸಿದ ಒಂದು ಬೆಂಚು ಇದೆ. ಮನೆಗೆ ಬೇಡವಾದದ್ದನ್ನು ಅಲ್ಲಿಟ್ಟರೆ ಬೇಕಾದವರು ಒಯ್ಯುತ್ತಾರೆ. ಆ ವಾರ ಅದು ತುಂಬಿತ್ತು: ಒಂದು ಗೋಡೆ ಗಡಿಯಾರ, ತಾಮ್ರದ ಕೆಟಲ್, ಸ್ಕೇಟುಗಳು, ನಾಲ್ಕು ಕುರ್ಚಿ. ಅಷ್ಟರಲ್ಲಿ ಎಂಬತ್ತಮೂರರ ಹಿಲ್ಡಿಂಗ್ ಸಂಘದ ಕೈಗಾಡಿಯನ್ನು ಮರಳಿಸಲು ಬಂದ. ಅವನ ಬಾಯಲ್ಲಿ ಸೀಟಿ.

"ಮೂರು ದಿನ ಇಟ್ಕೊಂಡೆ, ಕ್ಷಮಿಸಿ," ಎಂದ. "ಹೋದ ಶರತ್ಕಾಲ ಬೋಟ್ ಮಾರಿದ್ದೇ ಒಳ್ಳೇದಾಯ್ತು, ಇಲ್ಲಾಂದ್ರೆ ಅದನ್ನೂ ಎಳೀಬೇಕಿತ್ತು."

ಇಂಗೆಗೆರ್ಡ್ ಅವನಿಗೆ ಬನ್ನು ಕೊಟ್ಟಳು. "ನಾಳೆ ಸಂಜೆ ಕಾಫಿಗೆ ಬಾ. ಎಲ್ರೂ ಬರ್ತಾರೆ."

ಗುರುವಾರ ಸಂಜೆ ಆರಕ್ಕೆ, ಬಿಸಿಲು ಇನ್ನೂ ಕಿಟಕಿಗೆ ನೇರ ಹೊಡೆಯುತ್ತಿದ್ದಾಗ, ಎಂಜಿನ್ ಚರ್ಚೆಗೆ ಉತ್ತರ ಬರೆದಿದ್ದ ಹದಿನಾರು ಜನ ಸೇರಿದರು. ತೂವಾ ತನ್ನ ಬಾಟಲಿಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಅಳಿಸಿದವನಿಗೆ ಸಿಟ್ಟಿರಲಿಲ್ಲ," ಎಂದು ಇಂಗೆಗೆರ್ಡ್ ಶುರು ಮಾಡಿದಳು. "ಸಿಟ್ಟಿದ್ದವನು ಜಗಳ ಆದ ಚರ್ಚೆ ಅಳಿಸ್ತಾನೆ. ಇವನು ಗಡಿಯಾರ, ಕೆಟಲ್, ಸ್ಕೇಟು ಅಳಿಸಿದ. ಆ ಮೂರೂ ಹೊರಗೆ ಬೆಂಚಿನ ಮೇಲಿವೆ. ನೆನ್ನೆ ಮಧ್ಯಾಹ್ನ ಗಡಿಯಾರಕ್ಕೆ ಕೀ ಕೊಟ್ಟು ಕಾದೆ. ಹದಿಮೂರು ಹೊಡೀತು. ಅಂದ್ರೆ ಮನೆಯಿಂದ ಒಂದು ವಸ್ತು ಹೊರಗೆ ಹೋದ್ರೆ, ಫೋರಂನಿಂದ ಅದರ ಪ್ರಶ್ನೆನೂ ಹೊರಗೆ. ಇದು ಸೇಡಲ್ಲ, ಮನೆ ಗುಡಿಸೋದು. ಬೆಂಚಲ್ಲಿ ಇಲ್ಲದ್ದು ಎಂಜಿನ್ ಒಂದೇ. ಅದು ಮಾರಿದ ಬೋಟಿನ ಜೊತೆ ಮೊದ್ಲೇ ಹೋಗಿತ್ತು. ಬೋಟ್ ಮಾರಿದವನು, ಈ ವಾರ ಕೈಗಾಡಿ ಎಳೆದವನು. ಹಿಲ್ಡಿಂಗ್, ಹಾವುಮೀನು ನೀನೇ."

ಹಿಲ್ಡಿಂಗ್ ಕಪ್ಪು ಕೆಳಗಿಟ್ಟ. "ನಾನೇ. ಸಾಯೋ ಮುಂಚಿನ ಸ್ವಚ್ಛತೆ ಮಾಡ್ತಾರಲ್ಲ, ಮಕ್ಕಳಿಗೆ ಹೊರೆ ಆಗ್ಬಾರದು ಅಂತ. ನನ್ನ ದಡ್ಡ ಪ್ರಶ್ನೆಗಳು ಯಾಕೆ ಉಳೀಬೇಕು ಅಂತ ತೆಗೆದೆ. ನಿಮ್ಮ ಉತ್ತರನೂ ಹೋಗುತ್ತೆ ಅಂತ ಹೊಳೀಲೇ ಇಲ್ಲ. ನನ್ನ ಕಪಾಟು ಖಾಲಿ ಮಾಡಿದ್ರೆ ಪಕ್ಕದ ಮನೆ ಕಪಾಟು ಖಾಲಿ ಆಗುತ್ತೆ ಅಂತ ಯಾರಿಗೆ ಗೊತ್ತು? ತೂವಾ, ತಪ್ಪಾಯ್ತು ಮಗಳೇ."

ಬಾಟಲಿಗಳನ್ನು ಎಲ್ಲರೂ ಮರೆತರು. ಟೋರ್ಕೆಲ್ ಮೆಲ್ಲಗೆ ಕೇಳಿದ: "ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರ್? ನಾನು ನನ್ನ ಗೆಳತಿ ರಾಗ್ನ್‌ಹಿಲ್ಡ್ ಮನೆಗೆ ಹೋಗ್ತಿದ್ದೀನಿ, ಅವಳ ಜೊತೆ ಇರೋಕೆ. ಅವಳು ನಂಗೆ ಕೊಟ್ಟಿರೋದು ಎರಡೇ ಕಪಾಟು."

ನಗು ಎದ್ದು ಕಿಟಕಿ ಗಾಜು ಅದುರಿತು. ತೂವಾ ಹಿಲ್ಡಿಂಗ್‌ನ ಭುಜಕ್ಕೆ ಗ್ರೀಸ್ ಬಳಿದೇ ಅಪ್ಪಿಕೊಂಡಳು. "ಸರಿ, ಆದ್ರೆ ನನ್ನ ಎಂಜಿನ್?"

"ಉತ್ತರ ಬರೆದವರೆಲ್ಲ ಇಲ್ಲೇ ಇದ್ದಾರಲ್ಲ, ಅದಕ್ಕೇ ಕರೆದಿದ್ದು," ಎಂದಳು ಇಂಗೆಗೆರ್ಡ್. "ಒಬ್ಬೊಬ್ಬರು ತಾವು ಬರೆದದ್ದು ಹೇಳಿ. ತೂವಾ ಜೋಡಿಸಲಿ, ಸಿಕ್ಸ್‌ಟೆನ್ ಬರೀತಾನೆ."

"ಅದಕ್ಕೂ ಮುಂಚೆ ನಿಯಮ," ಎಂದ ಟೋರ್ಕೆಲ್. "ಅಳಿಸೋ ಹಕ್ಕು ತೆಗೆದ್ರೆ ನನ್ನ ಬಕೆಟ್ ಶಾಶ್ವತ ಆಗುತ್ತೆ."

"ಪ್ರಶ್ನೆ ನಿಂದು, ನಿನ್ನ ಮಾತು ತೆಗಿ, ಹೆಸರು ತೆಗಿ," ಎಂದಳು ಇಂಗೆಗೆರ್ಡ್. " ಉತ್ತರ ಕೊಟ್ಟೋರು ತಮ್ಮ ಭಾನುವಾರ ಕೊಟ್ಟಿದ್ದಾರೆ. ಅದನ್ನ ಅಳಿಸೋಕೆ ಅವರನ್ನೇ ಕೇಳು."

ಒಪ್ಪಿಗೆಗೆ ಹದಿನೈದು ಕೈ ಮೇಲೆದ್ದವು. ಟೋರ್ಕೆಲ್‌ನ ಕೈ ಹದಿನಾರನೆಯದು, ತಡವಾಗಿ. ಆಮೇಲೆ ಶುರುವಾದ ಗದ್ದಲ ಹೇಳತೀರದು. ಹದಿನೆಂಟನೇ ಬಾಟಲಿಯ ವಾಷರ್ ಯಾವ ಕಡೆ ಮುಖ ಮಾಡಬೇಕೆಂದು ಅರ್ಧ ಗಂಟೆ ಜಗಳವಾಯಿತು. ಹಿಲ್ಡಿಂಗ್ ಅದನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ. ಸರಿಯಾಗಿ ಕೂತಿತು.

ಶನಿವಾರ ಮಧ್ಯಾಹ್ನ ತೂವಾ ಹಿಡಿಕೆ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಟುಕು ಟುಕು ಎಂದು ಮಾತಿಗೆ ಕೂತಿತು. ಮದುಮಗಳು ಹೂಕಿರೀಟ ಹಿಡಿದುಕೊಂಡು ನಕ್ಕಳು. ದೋಣಿ ಕಟ್ಟೆ ಬಿಟ್ಟಿತು.

"ಆ ಟುಕು ಇದೆಯಲ್ಲ," ಎಂದ ಟೋರ್ಕೆಲ್, ಕಣ್ಣೊರೆಸುತ್ತ, "ಅದು ನನ್ನ ಹನ್ನೊಂದನೇ ಉತ್ತರ."

"ಅಲ್ಲ, ನಂದು," ಎಂದರು ಕಟ್ಟೆಯ ಮೇಲಿದ್ದ ನಾಲ್ಕು ಜನ ಒಟ್ಟಿಗೇ.